ನಿಮಗಿದು ಗೊತ್ತೆ? ಶಿಲೆಯಿಂದ ಕುಂಭಕ್ಕೆ ಪ್ರಾಣದ ಪಯಣ

ಶಿಲಾವಿಗ್ರಹದಲ್ಲಿ ನೆಲೆಗೊಂಡ ದೈವಪ್ರಾಣವು, ದೇಗುಲದ ಜೀರ್ಣೋದ್ಧಾರದ ಕಾಲದಲ್ಲಿ ಶಿಲೆಯನ್ನು ತೊರೆದು, ಮಂತ್ರಪೂತವಾದ ನೀರು ತುಂಬಿದ ಕುಂಭವೊಂದರಲ್ಲಿ ವಾಸಿಸುವುದೆಂದು ಆಗಮಶಾಸ್ತ್ರವು ಸಾರುತ್ತದೆ. ಈ ವಿಧಿಗೆ ಕಲಾಕರ್ಷಣವೆಂದು ಹೆಸರು. ಕಾರ್ಯವು ಮುಗಿದೊಡನೆ ಅದೇ ಪವಿತ್ರಜಲದ ಅಭಿಷೇಕದಿಂದ ಪ್ರಾಣವು ಮರಳಿ ಮೂರ್ತಿಯನ್ನು ಸೇರುವುದು. ಸುಮಾರು 12 ವರುಷಗಳಿಗೊಮ್ಮೆ ನಡೆಯುವ ಕುಂಭಾಭಿಷೇಕದ ಹೃದಯವೇ ಇದು.

ಅಮೆರಿಕದ ನ್ಯೂ ಜೆರ್ಸಿಯ ಬ್ರಿಡ್ಜ್‌ವಾಟರಿನಲ್ಲಿ, ಕನ್ನಡಿಗರೂ ಸೇರಿದಂತೆ ಭಾರತೀಯ ಮನೆತನಗಳು ಭಕ್ತಿಯಿಂದ ನಡೆದುಕೊಳ್ಳುವ ಶ್ರೀ ವೆಂಕಟೇಶ್ವರ ದೇವಾಲಯದಲ್ಲಿಯೂ ಪೂಜೆಗೆ ಅಡಿಪಾಯವಾಗಿರುವುದು ಮೂರ್ತಿಯಲ್ಲಿ ಈ ಪ್ರಾಣವನ್ನು ಮೊದಲು ನೆಲೆಗೊಳಿಸುವ ಪ್ರಾಣಪ್ರತಿಷ್ಠೆಯೇ. ಶಿಲ್ಪಿಯ ಉಳಿಯಿಂದ ರೂಪು ತಳೆದ ಮೂರ್ತಿಯು ಮೊದಲು ಜಲದಲ್ಲಿ, ಬಳಿಕ ಧಾನ್ಯರಾಶಿಯಲ್ಲಿ, ಆಮೇಲೆ ಶಯ್ಯೆಯಲ್ಲಿ ಅಧಿವಾಸಗೊಂಡು, ನೇತ್ರೋನ್ಮೀಲನದಿಂದ ಕಣ್ದೆರೆದು, ಮಂತ್ರನ್ಯಾಸದಿಂದ ಅಂಗಾಂಗಗಳಲ್ಲಿ ಚೈತನ್ಯವನ್ನು ಪಡೆದ ಮೇಲೆಯೇ ಪೂಜಾರ್ಹವಾಗುವುದು. ಅಲ್ಲಿಯವರೆಗೆ ಅದು ಬರಿಯ ಕಲ್ಲು.

ಪ್ರಾಣ, ಅಪಾನ, ವ್ಯಾನ, ಉದಾನ, ಸಮಾನವೆಂದು ಐದು ಬಗೆಯಾಗಿ ಪ್ರಶ್ನೋಪನಿಷತ್ತು ವರ್ಣಿಸಿದ ಈ ಶಕ್ತಿಯನ್ನು ಭಾದ್ರಪದದ ಚೌತಿಯಂದು ನಮ್ಮ ಗೃಹಸ್ಥರು ಮಣ್ಣಿನ ಗಣಪನಲ್ಲಿಯೂ ಆವಾಹಿಸುತ್ತಾರೆ. ನೀರಿಗೆ ಬಿಡುವ ಮುನ್ನ ಉದ್ವಾಸನೆಯಿಂದ ಆ ಪ್ರಾಣವನ್ನು ಬೀಳ್ಕೊಡುವುದರಿಂದ, ಕರಗುವುದು ಮಣ್ಣು ಮಾತ್ರ, ದೇವರಲ್ಲ.