ಮನೆಯೇ ಪ್ರಯೋಗಶಾಲೆ: ದಾರ, ಕಲ್ಲು, ಕಡ್ಡಿಗಳಲ್ಲಿ ವಿಜ್ಞಾನ

ಶಾಲೆಯಲ್ಲಿ ವಿಜ್ಞಾನ ವಸ್ತುಪ್ರದರ್ಶನ ಎಂದೊಡನೆ ನಗರದ ಅನೇಕ ಮನೆಗಳಲ್ಲಿ ಕೆಲಸ ಹೆಚ್ಚುವುದು ಮಕ್ಕಳಿಗಲ್ಲ, ಪಾಲಕರಿಗೆ! ಥರ್ಮೋಕೋಲ್ ಕತ್ತರಿಸುವವರು ಅಪ್ಪ, ಬಣ್ಣ ಬಳಿಯುವವರು ಅಮ್ಮ. ಅದಕ್ಕೂ ಸಮಯವಿಲ್ಲದವರಿಗೆ ಅಂಗಡಿಯಲ್ಲಿ ಸಿದ್ಧ ಮಾದರಿಗಳೇ ಉಂಟು. ಮಗುವಿನ ಪಾಲಿಗೆ ಉಳಿಯುವುದು ಬಾಯಿಪಾಠ ಮಾಡಿದ ನಾಲ್ಕು ವಾಕ್ಯ ಮಾತ್ರ.

ನೋಡಲು ಚೆನ್ನಾಗಿರುವುದೆಲ್ಲ ಪ್ರಯೋಗವಲ್ಲ. ಒಂದು ಅಂಶವನ್ನು ಬದಲಿಸಿ, ಉಳಿದುದನ್ನೆಲ್ಲ ಹಾಗೆಯೇ ಇರಿಸಿ, ಫಲಿತಾಂಶವನ್ನು ಅಳೆದು ನೋಡುವುದು ಪ್ರಯೋಗ. ಇದಕ್ಕೆ ದುಬಾರಿ ಕಿಟ್ ಬೇಕಾಗಿಲ್ಲ. ಕಾನ್ಪುರ ಐಐಟಿಯಲ್ಲಿ ಎಂಜಿನಿಯರಿಂಗ್ ಓದಿದ ಅರವಿಂದ ಗುಪ್ತಾ ಇದನ್ನು ಮಾಡಿ ತೋರಿಸಿದವರು. ಮಧ್ಯಪ್ರದೇಶದ ಹೋಶಂಗಾಬಾದ್ (ಈಗಿನ ನರ್ಮದಾಪುರಂ) ಜಿಲ್ಲೆಯ ಹಳ್ಳಿ ಶಾಲೆಗಳಲ್ಲಿ 1972ರಲ್ಲಿ ಆರಂಭವಾಗಿ 2002ರವರೆಗೆ ನಡೆದ ವಿಜ್ಞಾನ ಶಿಕ್ಷಣ ಕಾರ್ಯಕ್ರಮದೊಡನೆ ಅವರು ಕೆಲಸ ಮಾಡಿದರು. ಕಸವೆಂದು ಎಸೆಯುವ ವಸ್ತುಗಳಿಂದಲೇ ಆಟಿಕೆ ರೂಪಿಸಿದ ಅವರಿಗೆ 2018ರಲ್ಲಿ ಪದ್ಮಶ್ರೀ ಸಂದಿತು. ಅಂಥದೇ ಸರಳ ಸಾಮಗ್ರಿಯಿಂದ ಮನೆಯಲ್ಲಿ ಮಾಡಬಹುದಾದ ಮೂರು ಪ್ರಯೋಗಗಳು ಇಲ್ಲಿವೆ.

ತ್ರಿಕೋನದ ಬಲ

ಗುಪ್ತಾ ಅವರ ಮಾದರಿಗಳಲ್ಲಿ ಪ್ರಸಿದ್ಧವಾದುದು ಬೆಂಕಿಕಡ್ಡಿ ಮತ್ತು ಸೈಕಲ್ ವಾಲ್ವ್ ಟ್ಯೂಬಿನದು. ಟ್ಯೂಬನ್ನು ಸುಮಾರು 2 ಸೆಂ.ಮೀ. ಉದ್ದದ ತುಂಡುಗಳಾಗಿ ಕತ್ತರಿಸಬೇಕು. ಮದ್ದು ತೆಗೆದ ಕಡ್ಡಿಗಳನ್ನು ಆ ತುಂಡುಗಳ ಎರಡು ತುದಿಗೂ ಸಿಕ್ಕಿಸಿ ಮೊದಲು ಚೌಕ, ಅನಂತರ ತ್ರಿಕೋನ ಕಟ್ಟಬೇಕು. ಬೆರಳಿನಿಂದ ಒತ್ತಿದೊಡನೆ ಚೌಕ ವಾಲುತ್ತದೆ, ತ್ರಿಕೋನ ಆಕಾರ ಬಿಟ್ಟುಕೊಡುವುದಿಲ್ಲ. ಚೌಕದ ಮೂಲೆಯಿಂದ ಎದುರು ಮೂಲೆಗೆ ಪೊರಕೆ ಕಡ್ಡಿಯೊಂದನ್ನು ದಾರದಿಂದ ಬಿಗಿದರೆ ಅದೂ ನೆಟ್ಟಗೆ ನಿಲ್ಲುತ್ತದೆ, ಏಕೆಂದರೆ ಈಗ ಅದು ಎರಡು ತ್ರಿಕೋನಗಳ ಜೋಡಿ. ಮೂರು ಬಾಹುಗಳ ಉದ್ದ ನಿಗದಿಯಾದರೆ ತ್ರಿಕೋನದ ಕೋನಗಳೂ ನಿಗದಿಯಾಗುತ್ತವೆ. ಚೌಕಕ್ಕೆ ಆ ಕಟ್ಟುಪಾಡಿಲ್ಲ. ವಿದ್ಯುತ್ ಗೋಪುರ, ಕ್ರೇನ್, ಕಬ್ಬಿಣದ ರೈಲ್ವೆ ಸೇತುವೆಗಳಲ್ಲಿ ತ್ರಿಕೋನಗಳ ಸಾಲು ಕಾಣುವುದು ಇದೇ ಕಾರಣಕ್ಕೆ.

ತೂಗುವ ಕಲ್ಲು

ದಾರಕ್ಕೆ ಪುಟ್ಟ ಕಲ್ಲು ಕಟ್ಟಿ ಬಾಗಿಲ ಚೌಕಟ್ಟಿಗೆ ತೂಗುಬಿಟ್ಟರೆ ಲೋಲಕ ಸಿದ್ಧ. ದಾರ ಕಟ್ಟಿದ ಜಾಗದಿಂದ ಕಲ್ಲಿನ ನಡುವಿನವರೆಗೆ 25 ಸೆಂ.ಮೀ. ಇರಲಿ. ಸ್ವಲ್ಪವೇ ಸರಿಸಿ ಬಿಟ್ಟು, ಹೋಗಿ ಬರುವುದನ್ನು ಒಂದೆಂದು ಎಣಿಸುತ್ತ, 10 ತೂಗಾಟಗಳಿಗೆ ಹಿಡಿಯುವ ಸಮಯವನ್ನು ಮೊಬೈಲಿನಲ್ಲಿ ಅಳೆಯಬೇಕು. ಉತ್ತರ ಸುಮಾರು 10 ಸೆಕೆಂಡು.

ಅದೇ ಉದ್ದದಲ್ಲಿ ಕಲ್ಲಿನ ಬದಲು ಭಾರವಾದ ಬೀಗ ಕಟ್ಟಿದರೆ? ಬೇಗ ತೂಗುತ್ತದೆ ಎಂದು ಮಕ್ಕಳಷ್ಟೇ ಅಲ್ಲ, ದೊಡ್ಡವರೂ ಊಹಿಸುವುದುಂಟು. ಸಮಯ ಮಾತ್ರ ಬದಲಾಗುವುದಿಲ್ಲ. ದಾರವನ್ನು 1 ಮೀಟರಿಗೆ ಏರಿಸಿದಾಗ ಸಮಯ ನಾಲ್ಕು ಪಟ್ಟಾಗದೆ ಎರಡು ಪಟ್ಟಾಗಿ, 20 ಸೆಕೆಂಡಿನ ಹತ್ತಿರ ಬರುತ್ತದೆ. ಪ್ರೌಢಶಾಲೆಯ ಮಕ್ಕಳು ಇದೇ ಅಳತೆಯಿಂದ ಭೂಮಿಯ ಗುರುತ್ವ ವೇಗೋತ್ಕರ್ಷವನ್ನು ಲೆಕ್ಕ ಹಾಕಬಹುದು. ಹಾಲೆಂಡಿನ ಕ್ರಿಶ್ಚಿಯನ್ ಹೈಗನ್ಸ್ 1656ರಲ್ಲಿ ಗಡಿಯಾರ ರೂಪಿಸಿದ್ದು ಲೋಲಕದ ಈ ನಿಯತ ತೂಗಾಟವನ್ನು ನಂಬಿಯೇ.

ಮೊಳೆಯೇ ಅಯಸ್ಕಾಂತ

ಕಬ್ಬಿಣದ ಮೊಳೆಗೆ ಎನಾಮಲ್ ಲೇಪಿತ ತೆಳು ತಾಮ್ರದ ತಂತಿಯನ್ನು 20 ಸುತ್ತು ಸುತ್ತಿ, ಎರಡೂ ತುದಿಗಳ ಲೇಪನವನ್ನು ಉಪ್ಪುಕಾಗದದಿಂದ ಉಜ್ಜಿ ತೆಗೆದು, 1.5 ವೋಲ್ಟಿನ ಟಾರ್ಚ್ ಸೆಲ್ಲಿಗೆ ತಾಗಿಸಿದರೆ ಮೊಳೆ ಗುಂಡುಸೂಜಿಗಳನ್ನು ಎತ್ತುತ್ತದೆ. ಎಷ್ಟು ಸೂಜಿ ಎಂದು ಎಣಿಸಿ ಬರೆದಿಟ್ಟು, ಅದೇ ತಂತಿಯಿಂದ 40 ಸುತ್ತು ಸುತ್ತಿ ಮತ್ತೆ ಎಣಿಸಬೇಕು. ಎರಡು ಬಾರಿಯೂ ತಂತಿಯ ಒಟ್ಟು ಉದ್ದ ಒಂದೇ ಇರಲಿ. ಆಗ ಬದಲಾದದ್ದು ಸುತ್ತುಗಳ ಸಂಖ್ಯೆಯೊಂದೇ. ತಂತಿಯೂ ಸೆಲ್ಲೂ ಬೇಗ ಬಿಸಿಯಾಗುವುದರಿಂದ ಕೆಲವೇ ಸೆಕೆಂಡುಗಳಲ್ಲಿ ಸಂಪರ್ಕ ತಪ್ಪಿಸುವುದು ಅಗತ್ಯ.

ಎಚ್ಚರಿಕೆ ಇರಲಿ

ಗೋಡೆಯ ಪ್ಲಗ್ಗಿನ 230 ವೋಲ್ಟ್ ವಿದ್ಯುತ್ತು ಮಕ್ಕಳ ಪ್ರಯೋಗಕ್ಕೆ ಸರ್ವಥಾ ಸಲ್ಲದು. ಮೊಬೈಲಿನ ಲಿಥಿಯಂ ಬ್ಯಾಟರಿಯೂ ಬೇಡ. ಗುಂಡಿಯಾಕಾರದ ಸೆಲ್ಲನ್ನು ಮಗು ನುಂಗಿದರೆ ಎರಡೇ ಗಂಟೆಯೊಳಗೆ ಅನ್ನನಾಳ ಸುಟ್ಟುಹೋಗಬಹುದು. ಒಂದಕ್ಕಿಂತ ಹೆಚ್ಚು ಪುಟ್ಟ ಬಲಶಾಲಿ ಅಯಸ್ಕಾಂತಗಳನ್ನು ನುಂಗಿದರೆ ಅವು ಒಳಗೇ ಪರಸ್ಪರ ಸೆಳೆದು ಕರುಳಿಗೆ ತೂತು ಮಾಡಬಲ್ಲವು. ಇಂಥ ಸಂದರ್ಭದಲ್ಲಿ ಕಾಯದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಹಾಗಾದರೆ ಪಾಲಕರ ಕೆಲಸವೇನು? ಅಪಾಯದಿಂದ ಕಾಯುವುದು, ಉತ್ತರದ ವಿಷಯದಲ್ಲಿ ಸುಮ್ಮನಿರುವುದು. 'ಏನಾಗಬಹುದು?' ಎಂದು ಮೊದಲೇ ಕೇಳಿ, ಮಗುವಿನ ಊಹೆಯನ್ನು ಅದರ ಕೈಯಲ್ಲೇ ಬರೆಸಿದರೆ ಸಾಕು. ಬೀಗವೂ ಕಲ್ಲೂ ಒಂದೇ ಸಮಯಕ್ಕೆ ತೂಗಿದಾಗ ಮಗು ಮೊದಲು ತನ್ನ ಎಣಿಕೆಯನ್ನೇ ಸಂಶಯಿಸುತ್ತದೆ. ಮತ್ತೆ ಎಣಿಸುತ್ತದೆ, ದಾರವನ್ನು ಮತ್ತೆ ಅಳೆಯುತ್ತದೆ, ಕೊನೆಗೆ ಊಹೆಯನ್ನು ಬದಲಿಸುತ್ತದೆ. ಅಪ್ಪ ಮೊದಲೇ ಉತ್ತರ ಹೇಳಿಬಿಟ್ಟರೆ ಮಗು ಕಳೆದುಕೊಳ್ಳುವುದು ಇದನ್ನೇ. ಪ್ರದರ್ಶನದ ಮೇಜಿನ ಮೇಲೆ ವಕ್ರವಾದ ಮಾದರಿ ನಿಂತರೂ ಚಿಂತೆಯಿಲ್ಲ, ಅದು ಮಗುವಿನ ಕೈಯದೇ ಆಗಿರಲಿ.