ಬಿಳಿಗಿರಿ ಬೆಟ್ಟದ ಶಾಲೆಯ ಹೆಣ್ಣುಮಕ್ಕಳು

‘ರಜಕ್ಕೆ ಊರಿಗೆ ಹೋದಾಗ ಮಕ್ಕಳಿಗೆ ಏನು ತೋರಿಸೋದು?’ ಶಿಕಾಗೋ, ಡೆಟ್ರಾಯಿಟ್ ಕಡೆಯ ನಮ್ಮ ಕನ್ನಡಿಗರು ಸೇರಿದಾಗಲೆಲ್ಲ ಏಳುವ ಪ್ರಶ್ನೆ ಇದು. ನನ್ನ ಸಲಹೆ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟ. ದೇವಸ್ಥಾನದ ಜೊತೆಗೆ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಶಾಲೆಯನ್ನೂ ನೋಡಿ ಬನ್ನಿ. ನಾನು ನೋಡಿ ಬಂದೆ.

ಇಲ್ಲಿನ ಮೂಲನಿವಾಸಿಗಳು ಸೋಲಿಗರು. ಅವರ ಹುಡುಗಿ ಕುಸುಮಾಲೆಯನ್ನು ರಂಗನಾಥ ಮದುವೆಯಾದನಂತೆ, ಹಾಗಾಗಿ ದೇವರು ಅವರಿಗೆ ‘ರಂಗಭಾವ’! ವೈದ್ಯರಾಗಿ ಬಂದ ಡಾ. ಎಚ್. ಸುದರ್ಶನ್ 1981ರಲ್ಲಿ ಈ ಕೇಂದ್ರ ಕಟ್ಟಿದರು. ಚಿಕಿತ್ಸೆಯ ಜೊತೆಗೆ ಓದೂ ಬಂತು. 1994ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಸಂದಿತು.

ನನ್ನ ಮನಸ್ಸಿನಲ್ಲಿ ಉಳಿದವರು ಹಾಸ್ಟೆಲಿನ ಹುಡುಗಿಯರು. ನಮ್ಮ ನೇಪರ್‌ವಿಲ್‌ನಲ್ಲಿ ಹಳದಿ ಬಸ್ಸು ಬೀದಿ ತುದಿಗೇ ಬರುತ್ತದೆ. ಸೋಲಿಗರ ಪೋಡಿನಿಂದ ಹೊರಟರೆ ಆನೆ ಓಡಾಡುವ ಕಾಡುದಾರಿ. ಮಗಳನ್ನು ದಿನಾ ಕಳಿಸಲು ಯಾವ ತಾಯಿಗೆ ಧೈರ್ಯ ಬಂದೀತು? ಶಾಲೆಯಲ್ಲೇ ಉಳಿಯಲು ಜಾಗವಿದ್ದರೆ ಓದು ಮುಂದುವರಿಯುತ್ತದೆ, ಇಲ್ಲದಿದ್ದರೆ ಅಲ್ಲಿಗೇ ನಿಲ್ಲುತ್ತದೆ.

ಈ ಓದು ಬರೀ ನೌಕರಿಗಲ್ಲ. 2011ರಲ್ಲಿ ಈ ಕಾಡು ಹುಲಿ ಮೀಸಲು ಪ್ರದೇಶವಾಯಿತು. ಅದೇ ವರ್ಷ ಸೋಲಿಗರಿಗೆ ಅದರೊಳಗೇ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು, ಹುಲಿ ಮೀಸಲಿನೊಳಗೆ ದೇಶದಲ್ಲೇ ಮೊದಲು. ಜೇನು, ನೆಲ್ಲಿಕಾಯಿಯ ಆ ಹಕ್ಕು ಕಾಗದದ ಮೇಲಿದೆ. ನಾಳೆ ಅದನ್ನು ಓದಿ, ಕಚೇರಿಯಲ್ಲಿ ನಿಂತು ಕೇಳಬೇಕಾದವರು ಇವರೇ.

‘ಏನು ಬೇಕಮ್ಮಾ?’ ಎಂದು ಒಬ್ಬಳನ್ನು ಕೇಳಿದೆ. ‘ಕತೆ ಪುಸ್ತಕ ಸಾರ್’ ಎಂದಳು.

ಹೋಗುವವರು ಕೇಂದ್ರಕ್ಕೆ ಮೊದಲೇ ತಿಳಿಸಿ. ಮೈಸೂರಿನಲ್ಲಿ ಇಳಿದು ನಾಲ್ಕು ಕನ್ನಡ ಪುಸ್ತಕ ಕೊಂಡೊಯ್ಯಿರಿ.