ಪುಟ್ಟ ಕ್ಯಾಮರಾ ಕೊಳ್ಳುವ ಮುನ್ನ

ನಮ್ಮಮ್ಮ ಹೋಗಿ ಹನ್ನೊಂದು ವರ್ಷವಾಯಿತು. ಅಮ್ಮನ ಫೋಟೋ ಅಂತ ಮನೆಯಲ್ಲಿ ಇರುವುದು ನಾಲ್ಕೋ ಐದೋ, ಅಷ್ಟೆ. ಎಲ್ಲವೂ ಅಂಗಳದಲ್ಲಿ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಸೆರಗು ಸರಿಮಾಡಿಕೊಂಡು ನಿಂತದ್ದೇ. ದಿನಕ್ಕೆ ಹತ್ತು ಗಂಟೆ ಆಕೆ ಬೆವರು ಸುರಿಸಿದ ಅಡಿಗೆಮನೆಯಲ್ಲಿ ತೆಗೆದದ್ದು ಒಂದೂ ಇಲ್ಲ. ಅಪ್ಪನಿಗೆ ಆಸೆ ಇರಲಿಲ್ಲವೆಂದಲ್ಲ. ಅಪ್ಪನ ಹತ್ತಿರ ಇದ್ದದ್ದು ಅಗ್ಫಾ ಕ್ಲಿಕ್ 3 ಎಂಬ ಡಬ್ಬಿ ಕ್ಯಾಮರಾ. 120ರ ಒಂದು ರೋಲು ಹಾಕಿದರೆ ಹನ್ನೆರಡೇ ಚಿತ್ರ. ಫ್ಲಾಷ್ ಸಿಕ್ಕಿಸದಿದ್ದರೆ ಅದಕ್ಕೆ ಹೊರಗಿನ ಬಿಸಿಲೇ ಬೇಕು; ಹೊಗೆ ಹಿಡಿದ ಅಡಿಗೆಮನೆ ಅದರ ಕಣ್ಣಿಗೆ ಕತ್ತಲೆ. ಹೀಗಾಗಿ ಅಂಗಳಕ್ಕೆ ಬಂದ ಅಮ್ಮ ಮಾತ್ರ ಫೋಟೋಕ್ಕೆ ಸಿಕ್ಕಳು. ಒಳಗಿದ್ದ ಅಮ್ಮ ಸಿಗಲೇ ಇಲ್ಲ.

ಈ ಮಾತು ನೆನಪಾದದ್ದು ಮೊನ್ನೆ ಪಕ್ಕದ ಮನೆಯಾಕೆ ಬಂದು ಜಗುಲಿಯ ಮೇಲೆ ಕೂತಾಗ.

"ಅಕ್ಕಾ, ಈ ಸಲ ಚೀಟಿ ನನಗೇ ಬಂತು. ಒಂದು ಪುಟ್ಟ ಕ್ಯಾಮರಾ ತಗೊಳ್ಳೋಣ ಅಂತಿದೀನಿ. ಲೆನ್ಸ್ ಬದಲಾಯಿಸೋ ಹಾಗಿಲ್ವಂತೆ, ಝೂಮೂ ಇಲ್ವಂತೆ. ಆದ್ರೂ ಲಕ್ಷ ದಾಟುತ್ತೆ ಅಂತಾರೆ! ನಿಮ್ಮ ಹತ್ರ ಅಂಥದೇ ಇದೆಯಲ್ಲ, ನನಗೆ ಸರಿಹೋಗುತ್ತಾ ಹೇಳಿ."

ಒಳಗಿನಿಂದ ನಮ್ಮ ಯಜಮಾನರು, "ಕೈಯಲ್ಲಿ ಮೊಬೈಲ್ ಇರುವಾಗ ಅದೆಂಥದು ಮಾರಾಯ್ತಿ?" ಎಂದರು. ಗಂಡಸರ ಈ ಪ್ರಶ್ನೆಯನ್ನು ನಾವು ತಳ್ಳಿಹಾಕುವಂತಿಲ್ಲ. ಚೀಟಿಯ ದುಡ್ಡು ತಿಂಗಳು ತಿಂಗಳೂ ಹೊಟ್ಟೆ ಬಟ್ಟೆ ಕಟ್ಟಿ ಕೂಡಿಟ್ಟದ್ದು. ಆಕೆಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ, ಸೋದರಿಯರೇ. ಓದಿ, ನೀವೇ ತೀರ್ಮಾನಿಸಿ.

ಇದರಲ್ಲಿ ಎರಡು ಜಾತಿ

ಅಂಗಡಿಯವರು ಎಲ್ಲದಕ್ಕೂ 'ಕಾಂಪ್ಯಾಕ್ಟ್' ಎಂದುಬಿಡುತ್ತಾರೆ. ಆದರೆ ಲೆನ್ಸನ್ನು ಬಿಚ್ಚಲಾಗದ ಈ ಪುಟ್ಟ ಕ್ಯಾಮರಾಗಳಲ್ಲಿ ಎರಡು ಜಾತಿ ಇವೆ. ಒಂದು, ಲೆನ್ಸ್ ಬಿಚ್ಚಲಾಗದಿದ್ದರೂ ಮುಂದೆ ಚಾಚಿ ದೂರದ್ದನ್ನು ಹತ್ತಿರ ತರುವಂಥದು. ಸೋನಿಯ ಆರ್‌ಎಕ್ಸ್ 100 ಸರಣಿ ಈ ಜಾತಿಗೆ ಸೇರಿದ್ದು. 2019ರಲ್ಲಿ ಬಂದ ಅದರ ಏಳನೆಯ ಮಾದರಿ 24ರಿಂದ 200 ಮಿ.ಮೀ.ವರೆಗೂ ಹೋಗುತ್ತದೆ.

ಇನ್ನೊಂದು, ಝೂಮ್ ಎಂಬುದೇ ಇಲ್ಲದ, ಒಂದೇ ನೋಟದ ಲೆನ್ಸಿನದು. ಪಕ್ಕದ ಮನೆಯಾಕೆ ಕೇಳಿದ್ದು ಇದನ್ನೇ. ಫ್ಯೂಜಿಫಿಲ್ಮಿನ ಎಕ್ಸ್ 100 ಸರಣಿ 2011ರಲ್ಲಿ ಶುರುವಾಗಿ, ಆರನೆಯದು 2024ರಲ್ಲಿ ಬಂತು. ಅದರ ನೋಟ 35 ಮಿ.ಮೀ.ಗೆ ಸಮ. ರಿಕೋ ಜಿಆರ್ 3 ಎಂಬುದು 2019ರದು, 28 ಮಿ.ಮೀ. ನೋಟ, 2021ರಲ್ಲಿ ಬಂದ ಅದರ ತಂಗಿ ಜಿಆರ್ 3 ಎಕ್ಸ್‌ಗೆ 40 ಮಿ.ಮೀ. ಈ ಸಂಖ್ಯೆ ಚಿಕ್ಕದಾದಷ್ಟೂ ನೋಟ ಅಗಲ, ದೊಡ್ಡದಾದಷ್ಟೂ ನೋಟ ಕಿರಿದು ಎಂದು ನೆನಪಿಟ್ಟರೆ ಸಾಕು.

ಒಂದೇ ಲೆನ್ಸು ಅಂದರೆ ಕಡಿಮೆಯದು ಅಂದುಕೊಳ್ಳಬೇಡಿ. ನಮ್ಮ ದೇಶದ ಮೊದಲ ಪತ್ರಿಕಾ ಛಾಯಾಗ್ರಾಹಕಿ ಹೋಮಾಯಿ ವ್ಯಾರವಾಲಾ ಸೀರೆ ಉಟ್ಟು ಹೆಗಲಿಗೆ ಹಾಕಿಕೊಂಡು ಓಡಾಡುತ್ತಿದ್ದ ಕ್ಯಾಮರಾಗಳಲ್ಲಿ ರೋಲಿಫ್ಲೆಕ್ಸೂ ಒಂದು. ಅದರ ಲೆನ್ಸನ್ನು ಬದಲಾಯಿಸುವಂತಿಲ್ಲ. ಆ ತಾಯಿಗೆ 2011ರಲ್ಲಿ ಪದ್ಮವಿಭೂಷಣ ಬಂತು. ಅಮೆರಿಕದ ಶಿಕಾಗೋದಲ್ಲಿ ಪರರ ಮಕ್ಕಳನ್ನು ನೋಡಿಕೊಂಡು ಬದುಕಿದ ದಾದಿ ವಿವಿಯನ್ ಮೇಯರ್ ಕೂಡ ಅಂಥದೇ ರೋಲಿಫ್ಲೆಕ್ಸಿನಲ್ಲಿ ಬೀದಿಯ ಬದುಕನ್ನು ಸೆರೆಹಿಡಿದಳು. 2007ರಲ್ಲಿ ಆಕೆಯ ಪೆಟ್ಟಿಗೆಗಳು ಹರಾಜಿಗೆ ಬಂದ ಮೇಲೆಯೇ ಜಗತ್ತಿಗೆ ತಿಳಿದದ್ದು. ಇಬ್ಬರೂ ಮಾಡಿದ್ದಿಷ್ಟೆ: ಬೇಕಾದ ಚಿತ್ರಕ್ಕೆ ತಾವೇ ಹೆಜ್ಜೆ ಹಾಕಿ ಹತ್ತಿರ ಹೋದರು.

ಮೊಬೈಲಿಗಿಂತ ಏನು ಹೆಚ್ಚು?

ಬೆಳಕು. ಸೂರಿನ ನೀರಿಗೆ ಲೋಟ ಇಟ್ಟರೆ ಎಷ್ಟು ತುಂಬುತ್ತದೆ, ಕೊಳಗ ಇಟ್ಟರೆ ಎಷ್ಟು ತುಂಬುತ್ತದೆ ಯೋಚಿಸಿ. ಮೇಲೆ ಹೇಳಿದ ಫ್ಯೂಜಿ, ರಿಕೋಗಳ ಒಳಗಿರುವ ಸೆನ್ಸರ್ ಸುಮಾರು 23.5 ಮಿ.ಮೀ. ಅಗಲ, 15.6 ಮಿ.ಮೀ. ಎತ್ತರ, ಒಂದು ಸಣ್ಣ ಅಂಚೆಚೀಟಿಯಷ್ಟು. ಮೊಬೈಲಿನದು ಕಡಲೆಕಾಳಿನ ಗಾತ್ರ. ಹೊರಗೆ ಒಳ್ಳೆ ಬೆಳಕಿದ್ದಾಗ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣದು. ಆ ಹೊತ್ತಿಗೆ ನಮ್ಮ ಯಜಮಾನರ ಮಾತೇ ಸರಿ! ಆದರೆ ಮಬ್ಬು ಬೆಳಕಿನಲ್ಲಿ ಮೊಬೈಲು ನಾಲ್ಕಾರು ಚಿತ್ರಗಳನ್ನು ಒಂದರ ಮೇಲೊಂದು ಸೇರಿಸಿ ಒಂದು ಮಾಡುತ್ತದೆ. ದೋಸೆ ಹುಯ್ಯುವ ಕೈ ಅಷ್ಟರಲ್ಲಿ ಅಲುಗಿದರೆ ಕಲಸಿಹೋಗುತ್ತದೆ, ಮುಖದ ಸುಕ್ಕು ಬಣ್ಣ ಬಳಿದಂತೆ ನಯವಾಗಿಬಿಡುತ್ತದೆ.

ನಷ್ಟವೇನು? ಕೂತಲ್ಲಿಂದ ದೂರದ್ದು ಸಿಗುವುದಿಲ್ಲ. ನಾನು ಕಲಿತದ್ದು ಅನುಭವದಿಂದಲೇ. ತಮ್ಮನ ಮಗಳ ಶಾಲೆಯ ವಾರ್ಷಿಕೋತ್ಸವಕ್ಕೆ ಜಂಭದಿಂದ ಕ್ಯಾಮರಾ ಹಿಡಿದು ಹೋದೆ. ಕುರ್ಚಿ ಸಿಕ್ಕಿದ್ದು ವೇದಿಕೆಯಿಂದ ನಲವತ್ತು ಅಡಿ ಹಿಂದೆ. 35 ಮಿ.ಮೀ. ನೋಟದಲ್ಲಿ ಅಲ್ಲಿಂದ ಮೇಲೆ ಕೆಳಗೆ ಇಪ್ಪತ್ತೇಳು ಅಡಿ ಬರುತ್ತದೆ. ನಾಲ್ಕಡಿಯ ಹುಡುಗಿ ಚಿತ್ರದ ಏಳನೆಯ ಒಂದು ಪಾಲು. ನೋಡಿದವರೆಲ್ಲ, "ಇದರಲ್ಲಿ ನಮ್ಮ ಕೂಸು ಯಾವುದು?" ಎಂದು ಕೇಳಿದರು. ಸುತ್ತಲಿನದನ್ನು ಆಮೇಲೆ ಕತ್ತರಿಸಬಹುದು, ನಿಜ. 2024ರ ಫ್ಯೂಜಿಯಲ್ಲಿ ನಾಲ್ಕು ಕೋಟಿ ಚುಕ್ಕೆಗಳಿರುವುದರಿಂದ ಅಗಲ ಎತ್ತರ ಎರಡನ್ನೂ ಅರ್ಧಕ್ಕೆ ಇಳಿಸಿದರೂ ಒಂದು ಕೋಟಿ ಉಳಿಯುತ್ತದೆ. ಆಲ್ಬಮ್ಮಿನ ಪ್ರಿಂಟಿಗೆ ಧಾರಾಳ. ಆದರೆ ಹಾಗೆ ಕತ್ತರಿಸುವುದೇ ದಿನದ ಕೆಲಸವಾದರೆ ಈ ಕ್ಯಾಮರಾ ನಿಮ್ಮದಲ್ಲ.

ಒಂದು ರಟ್ಟಿನ ಪರೀಕ್ಷೆ

ದುಡ್ಡು ಕೊಡುವ ಮುಂಚೆ ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಇದು. ಸೀರೆ ಡಬ್ಬಿಯ ರಟ್ಟಿನಲ್ಲಿ 18 ಸೆಂ.ಮೀ. ಅಗಲ, 12 ಸೆಂ.ಮೀ. ಎತ್ತರದ ಕಿಟಕಿ ಕತ್ತರಿಸಿ. ಮಕ್ಕಳ ಸ್ಕೇಲು ತಂದುಕೊಳ್ಳಿ. ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣಿನಿಂದ ರಟ್ಟನ್ನು 14 ಸೆಂ.ಮೀ. ದೂರ ಹಿಡಿದರೆ ನಿಮಗೆ ಕಾಣುವುದೇ 28 ಮಿ.ಮೀ. ಲೆನ್ಸಿನ ನೋಟ. 17.5 ಸೆಂ.ಮೀ. ದೂರಕ್ಕೆ 35 ಮಿ.ಮೀ., 20ಕ್ಕೆ 40 ಮಿ.ಮೀ., 25ಕ್ಕೆ 50 ಮಿ.ಮೀ.

ಇದನ್ನು ಹಿಡಿದು ಮನೆಯೆಲ್ಲ ಸುತ್ತಿ. ಮಕ್ಕಳು ನಗುತ್ತಾರೆ, ನಗಲಿ. ನಮ್ಮ ಅಡಿಗೆಮನೆಯಲ್ಲಿ ಎಂಟಡಿ ಹಿಂದೆ ಸರಿದರೆ ಬೆನ್ನು ಗೋಡೆಗೆ ತಾಗುತ್ತದೆ. ಅಲ್ಲಿಂದ 28ರಲ್ಲಿ ಹತ್ತಡಿ ಅಗಲ ಕಾಣುತ್ತದೆ, 35ರಲ್ಲಿ ಎಂಟಡಿ, 50ರಲ್ಲಿ ಆರಡಿಯೂ ಇಲ್ಲ. 35ಕ್ಕೆ ಒಂದು ಸುಲಭ ಲೆಕ್ಕ ಹೇಳುತ್ತೇನೆ: ಎಷ್ಟು ಅಡಿ ದೂರ ನಿಲ್ಲುತ್ತೀರೋ ಹೆಚ್ಚುಕಮ್ಮಿ ಅಷ್ಟೇ ಅಡಿ ಅಗಲ ಚಿತ್ರಕ್ಕೆ ಬರುತ್ತದೆ. ಒಲೆ, ಒಲೆಯ ಮುಂದೆ ಕೂತವರು, ಗೋಡೆಯ ಸೌಟುಗಳ ಸಾಲು ಎಲ್ಲ ಬೇಕಾದರೆ 28 ಅಥವಾ 35. ಒಬ್ಬರ ಮುಖವೇ ಮುಖ್ಯವಾದರೆ 40 ವಾಸಿ. 28 ಹಿಡಿದು ಮುಖದ ತೀರ ಹತ್ತಿರ ಹೋದರೆ ಮೂಗು ದಪ್ಪಗೆ ಕಾಣುತ್ತದೆ. ಅತ್ತಿಗೆಯ ಫೋಟೋ ಹಾಗೆ ತೆಗೆದು ಮಾತು ಕೇಳಬೇಡಿ!

ನೂರು ಫೋಟೋಗಳ ಪಂಚಾಯಿತಿ

ಎರಡನೆಯ ಪರೀಕ್ಷೆ. ಮೊಬೈಲಿನಿಂದ ಕಳೆದ ವರ್ಷದ ನೂರು ಫೋಟೋ ತೆಗೆದು ನೋಡಿ, ಅಕ್ಕಿ ಆರಿಸುವ ಹಾಗೆ ನಾಲ್ಕು ಪಾಲು ಮಾಡಿ. ಹತ್ತು ಹನ್ನೆರಡು ಅಡಿಯೊಳಗಿನ ಜನ, ಮನೆಗೆಲಸ, ಹಬ್ಬ, ಅಂಗಳ ಒಂದು ಪಾಲು. ವೇದಿಕೆ, ಹಕ್ಕಿ, ತೇರು ಮುಂತಾದ ದೂರದವು ಇನ್ನೊಂದು. ಬ್ಲೌಸಿನ ಡಿಸೈನು, ಕರೆಂಟು ಬಿಲ್ಲು, ವಾಟ್ಸಾಪಿನಲ್ಲಿ ಕಳಿಸಲಿಕ್ಕೆಂದು ತೆಗೆದವು ಮೂರನೆಯದು. ನಿಮ್ಮ ಮುಖವನ್ನು ನೀವೇ ತೆಗೆದುಕೊಂಡವು ನಾಲ್ಕನೆಯದು.

ಮೊದಲ ಪಾಲು ಅರ್ಧಕ್ಕಿಂತ ಹೆಚ್ಚಿದ್ದು, ಅದರಲ್ಲೂ ಒಳಮನೆಯ ಬೆಳಕಿನಲ್ಲಿ ಕೆಟ್ಟುಹೋದವು ಬಹಳ ಇದ್ದರೆ, ಒಂದೇ ಲೆನ್ಸಿನ ಕ್ಯಾಮರಾ ನಿಮಗೆ ಒಪ್ಪುತ್ತದೆ. ಎರಡನೆಯ ಪಾಲು ದೊಡ್ಡದಾದರೆ ಝೂಮ್ ಇರುವ ಪುಟ್ಟ ಕ್ಯಾಮರಾ, ಇಲ್ಲವೇ ಲೆನ್ಸ್ ಬದಲಾಯಿಸುವ ದೊಡ್ಡದು ನೋಡಿ. ಮೂರನೆಯದೂ ನಾಲ್ಕನೆಯದೂ ಹೆಚ್ಚಾದರೆ ಮೊಬೈಲೇ ಲೇಸು. ಚೀಟಿ ದುಡ್ಡು ಬ್ಯಾಂಕಿನಲ್ಲಿರಲಿ.

ಇದಾದ ಮೇಲೂ ಮನಸ್ಸು ಕೇಳದಿದ್ದರೆ ಹದಿನೈದು ದಿನ ಮೊಬೈಲಿನಲ್ಲೇ ವ್ರತ ಮಾಡಿ. ಬೆರಳಿನಿಂದ ಹಿಗ್ಗಿಸುವುದು ಪೂರ್ತಿ ಬಂದ್. ಬೇಕಾದರೆ ನೀವೇ ಮುಂದೆ ನಡೆಯಿರಿ, ಇಲ್ಲವೇ ಹಿಂದೆ ಸರಿಯಿರಿ. ನಾಲ್ಕನೇ ದಿನಕ್ಕೆ ಸಿಡಿಮಿಡಿ ಬಂದರೆ ಅದೇ ಉತ್ತರ. ಖುಷಿಯಾದರೆ ಅದೂ ಉತ್ತರವೇ.

ಕೊಂಡವರಿಗೆ ನಾಲ್ಕು ಮಾತು

ನಮ್ಮ ಸಾಗರದಂಥ ಮಳೆಯೂರಿನಲ್ಲಿ ಕ್ಯಾಮರಾದ ಮೊದಲ ಶತ್ರು ಬೂಷ್ಟು. ಬಿಚ್ಚಲಾಗದ ಲೆನ್ಸಿನ ಒಳಗೆ ಬೂಷ್ಟು ಹತ್ತಿದರೆ ಮನೆಯಲ್ಲಿ ಒರೆಸಲಿಕ್ಕೆ ಬರುವುದಿಲ್ಲ. ಚರ್ಮದ ಚೀಲದಲ್ಲಿಟ್ಟು ಬೀರುವಿಗೆ ಸೇರಿಸಬೇಡಿ. ಚರ್ಮವೇ ಮೊದಲು ಬೂಷ್ಟು ಹಿಡಿಯುತ್ತದೆ. ಗಾಳಿ ಆಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ, ಪೊಟ್ಟಣಗಳನ್ನು ಆಗಾಗ ಬದಲಾಯಿಸಿ. ವಾರಕ್ಕೊಮ್ಮೆಯಾದರೂ ತೆಗೆದು ಬಳಸಿ.

ಬ್ಯಾಟರಿ ಇನ್ನೊಂದು ಬೇಕೇ ಬೇಕು. ಜಿಆರ್ 3ರಲ್ಲಿ ಒಂದು ಚಾರ್ಜಿಗೆ ಸುಮಾರು 200 ಚಿತ್ರ ಎಂಬುದು ಕಂಪನಿಯದೇ ಲೆಕ್ಕ. ಮದುವೆಮನೆಯಲ್ಲಿ ಧಾರೆಗೆ ಮುಂಚೆಯೇ ಅದು ಮುಗಿದೀತು.

ಹೊಸದೇ ಆಗಬೇಕೆಂದೇನೂ ಇಲ್ಲ. ನಾನು ಕೊಂಡದ್ದು ಹಳೆಯ ಮಾದರಿಯನ್ನು, ಬಳಸಿದ್ದನ್ನು. ಕೊಳ್ಳುವಾಗ ಲೆನ್ಸಿನೊಳಕ್ಕೆ ಮುಂದಿನಿಂದ ಓರೆಯಾಗಿ ಬೆಳಕು ಬಿಟ್ಟು ಜೇಡರ ಬಲೆಯಂಥ ಎಳೆ ಇದೆಯೇ ನೋಡಬೇಕು. ಬಿಳಿ ಗೋಡೆಯ ಚಿತ್ರವೊಂದನ್ನು ತೆಗೆದು ಕಪ್ಪು ಚುಕ್ಕೆ ಬಿದ್ದಿದೆಯೇ ಹುಡುಕಬೇಕು. ಆಗುವುದಾದರೆ ಎರಡು ದಿನ ಬಾಡಿಗೆಗೋ ಕೈಗಡಕ್ಕೋ ತಂದು ನೋಡುವುದು ಎಲ್ಲಕ್ಕಿಂತ ಒಳ್ಳೆಯದು.

ಕೊನೆಗೆ ಏನಾಯಿತು?

ಪಕ್ಕದ ಮನೆಯಾಕೆ ರಟ್ಟು ಹಿಡಿದು ಮೂರು ದಿನ ತಿರುಗಿದಳು. ನೂರು ಫೋಟೋ ಪಾಲು ಮಾಡಿದರೆ ಅರವತ್ತಕ್ಕೂ ಮೇಲೆ ಯಕ್ಷಗಾನದವು, ಶರಾವತಿ ಹಿನ್ನೀರಿನ ಹಕ್ಕಿಗಳವು! "ಅಕ್ಕಾ, ನನ್ನ ಜೀವ ಇರೋದೇ ದೂರದಲ್ಲಿ. ಇದು ನನಗಲ್ಲ ಬಿಡಿ" ಎಂದಳು. ಮುಖದಲ್ಲಿ ಬೇಜಾರಿರಲಿಲ್ಲ. ಇನ್ನಷ್ಟು ದುಡ್ಡು ಸೇರಲಿ, ಉದ್ದ ಲೆನ್ಸಿನದೇ ತಗೊಳ್ಳುತ್ತೇನೆ ಎಂದು ಕಾದಿದ್ದಾಳೆ.

ನನ್ನ ಪಾಲಿನಲ್ಲಿ ಮಾತ್ರ ಅಂದು ಹೆಚ್ಚು ಇದ್ದದ್ದು ಒಳಮನೆಯವೇ, ಅದರಲ್ಲಿ ಮುಕ್ಕಾಲು ಕಲಸಿಹೋದವು. ನಮ್ಮತ್ತೆಗೆ ಈಗ ಎಂಬತ್ತೆರಡು. ಹೋದ ಬೇಸಿಗೆಯಲ್ಲಿ ಅಪ್ಪೆಮಿಡಿ ಬಂದಾಗ ಗಾಜಿನ ಹೆಂಚಿನ ಬೆಳಕಿನಡಿ ಕೂತು, ತೊಟ್ಟು ಮುರಿಯದ ಹಾಗೆ ಮಿಡಿಗಳನ್ನು ಒರೆಸಿ, ಭರಣಿಯಲ್ಲಿ ಒಂದು ಪದರ ಮಿಡಿ ಒಂದು ಪದರ ಉಪ್ಪು ಹಾಕುತ್ತಿದ್ದರು. ನಾಲ್ಕಡಿ ದೂರದಲ್ಲಿ ನೆಲಕ್ಕೆ ಕೂತು ತೆಗೆದೆ. ಕ್ಯಾಮರಾ ಪುಟ್ಟದಾದ್ದರಿಂದ ಅವರಿಗೆ ಗಮನವೇ ಇಲ್ಲ. ಬೆರಳ ಸಂದಿಯ ಉಪ್ಪಿನ ಹರಳೂ ಬಂದಿದೆ.

ಪ್ರಿಂಟು ಹಾಕಿಸಿ ತಂದುಕೊಟ್ಟಾಗ ಅತ್ತೆ ಕನ್ನಡಕ ಏರಿಸಿಕೊಂಡು ನೋಡಿ, "ಅಯ್ಯೋ, ನನ್ನ ಕೈ ಇಷ್ಟು ಮುದಿಯಾಯ್ತೇನೇ?" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇನ್ನೊಂದು ಹಾಕಿಸು. ಮುಂಬಯಿಯ ಕೂಸಿಗೆ ಕಳಿಸೋಣ. ಮಿಡಿ ಹಾಕೋದು ಹ್ಯಾಗೆ ಅಂತ ಅದೂ ನೋಡಲಿ" ಎಂದರು.

ನಿಮ್ಮ ಮನೆಯವರು ದಿನದ ಹೆಚ್ಚು ಹೊತ್ತು ಎಲ್ಲಿರುತ್ತಾರೆ, ಅಲ್ಲಿ ಬೆಳಕೆಷ್ಟು, ನೀವು ಅವರಿಗೆ ಎಷ್ಟು ಹತ್ತಿರ ಕೂರಬಲ್ಲಿರಿ? ಅಂಗಡಿಗೆ ಹೋಗುವ ಮುಂಚೆ ಈ ಮೂರು ಪ್ರಶ್ನೆ ಕೇಳಿಕೊಳ್ಳಿ. ಉತ್ತರ ಸಿಕ್ಕ ಮೇಲೆ ಕ್ಯಾಮರಾ ಆರಿಸುವುದು ಸೀರೆ ಆರಿಸುವುದಕ್ಕಿಂತ ಸುಲಭ.